ಎಡೆದೊರೆ: ಇಲ್ಲಿ ಯಾವ ದೊರೆಯೂ ಇಲ್ಲ

‘ದೋಆಬ್ ನದಿ ದಡದ ರಾಯಚೂರು ಕೋಟೆ.’ ಈ ಸಾಲು ಮತ್ತೆ ಕಣ್ಣಿಗೆ ಬಿತ್ತು. ದೋಆಬ್ ಅನ್ನೋ ನದಿಯೇ ಇಲ್ಲ, ಸ್ವಾಮಿ. ಪಾರಸಿಯಲ್ಲಿ ದೋ ಅಂದರೆ ಎರಡು, ಆಬ್ ಅಂದರೆ ನೀರು. ಎರಡು ನದಿಗಳ ನಡುವಿನ ನೆಲ ದೋಆಬ್. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ರಾಯಚೂರು ಎರಡರ ದಡದಲ್ಲೂ ಇಲ್ಲ.

ಈ ನೆಲಕ್ಕೆ ಕನ್ನಡದ್ದೇ ಹಳೆಯ ಹೆಸರಿದೆ, ಅದನ್ನು ಮಾತ್ರ ಯಾರೂ ಬಳಸುವುದಿಲ್ಲ. ಶಾಸನಗಳ ‘ಎಡೆದೊರೆ ಎರಡು ಸಾವಿರ’ ಇದೇ ಸೀಮೆ; ಆಗ ಸೀಮೆಯ ಹೆಸರಿಗೆ ಹೀಗೆ ಸಂಖ್ಯೆ ಸೇರಿಸಿ ಹೇಳುತ್ತಿದ್ದರು. ‘ದೊರೆ’ ಕಂಡ ಕೂಡಲೇ ರಾಜನನ್ನು ಹುಡುಕಿಕೊಂಡು ಹೋಗಬೇಡಿ. ಎಡೆ ಅಂದರೆ ನಡುವೆ, ತೊರೆ ಅಂದರೆ ಹೊಳೆ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ ಆದ ಹಾಗೆ ಇಲ್ಲೂ ತಕಾರ ದಕಾರ ಆಗಿದೆ, ಅಷ್ಟೇ. ಶಾಲೆಯಲ್ಲಿ ಆದೇಶ ಸಂಧಿ ಎಲ್ಲರೂ ಓದಿದ್ದೇವೆ, ಅಲ್ವಾ? ರಾಜೇಂದ್ರ ಚೋಳನ ತಮಿಳು ಶಾಸನದಲ್ಲಿ ಇದೇ ‘ಇಡೈತುರೈ ನಾಡು’. ಹಿಂದೆ ಕೆಲವರು ಅದನ್ನು ಮೈಸೂರು ಸೀಮೆಯ ಎಡತೊರೆ ಅಂದುಕೊಂಡಿದ್ದರು. ಅದು ಈಗಿನ ಕೆ.ಆರ್. ನಗರ, ಕಾವೇರಿ ಪಕ್ಕದ ಊರು. ಹೆಸರು ಒಂದೇ ಥರ ಕೇಳಿಸಿತು ಅಂತ ಸುಮ್ನೆ ಗಂಟು ಹಾಕಿದರೆ ಹೀಗೇ ಆಗುವುದು.

ನಡುವಿನ ನೆಲ ಅಂದಮೇಲೆ ಜಗಳ ತಪ್ಪಿದ್ದಲ್ಲ. ಕಾಕತೀಯರ ಅಧಿಕಾರಿ ಗೋರೆ ಗಂಗಯ್ಯ ರೆಡ್ಡಿ 1294ರಲ್ಲಿ ರಾಯಚೂರಿನಲ್ಲಿ ಕೋಟೆ ಕಟ್ಟಿಸಿದ. ಅದನ್ನು ಹೇಳುವ ತೆಲುಗು ಶಾಸನದ ಕಲ್ಲು ಗೋಡೆಯಲ್ಲೇ ಇದೆ, 41 ಅಡಿಗೂ ಜಾಸ್ತಿ ಉದ್ದ. ಅದನ್ನು ತಂದದ್ದು ಹೇಗೆ ಅನ್ನುವ ಪ್ರಶ್ನೆಗೆ ಉತ್ತರವನ್ನೂ ಗೋಡೆ ಮೇಲೇ ಗೀರಿಟ್ಟಿದ್ದಾರೆ: ಸಾಲು ಸಾಲು ಕೋಣ ಕಟ್ಟಿದ ಬಂಡಿ, ಜೊತೆಗೆ ಅದನ್ನು ಮುಂದಕ್ಕೆ ತಳ್ಳಲು ಹೆಣಗುವ ಆಳುಗಳು. ಆಮೇಲೆ ಬಹಮನಿಗಳು, ವಿಜಯನಗರದವರು, ಆದಿಲ್‌ಶಾಹಿಗಳು ಇದಕ್ಕಾಗಿ ಕಾದಾಡಿದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾನನ್ನು ಸೋಲಿಸಿ ಕೋಟೆ ಹಿಡಿದ ಕಥೆ ಎಲ್ಲರಿಗೂ ಗೊತ್ತು. ಅದೇ ಗಡಿಕೋಟೆ ಸುತ್ತ ಪೇಟೆ ಬೆಳೆಯಿತು, ಪೇಟೆ ನಗರವಾಯಿತು. 1871ರಲ್ಲಿ ಮುಂಬೈ ಕಡೆಯ ರೈಲುದಾರಿ, ಮದ್ರಾಸ್ ಕಡೆಯ ರೈಲುದಾರಿ ಎರಡೂ ಇಲ್ಲೇ ಬಂದು ಕೂಡಿದವು. ಕೂಡಿದ್ದು ರೈಲುದಾರಿಗಳು. ಕೃಷ್ಣೆ, ತುಂಗಭದ್ರೆ ಕೂಡುವುದು ಇನ್ನೂ ಪೂರ್ವಕ್ಕೆ, ಆಂಧ್ರದ ಸಂಗಮೇಶ್ವರದ ಹತ್ತಿರ.