ಕೊಳಗದ ಜಗಳದಿಂದ ಏಳನೇ ನಮೂನೆಗೆ

ಸಾಗರದ ಕಡೆಯ ಹಳೇ ಜಮೀನಿನ ವ್ಯಾಜ್ಯ ಬಂದರೆ ಕಕ್ಷಿದಾರರಿಗೆ ನನ್ನ ಮೊದಲ ಪ್ರಶ್ನೆ, ‘ಡಿಕ್ಲರೇಷನ್ ಹಾಕಿದ್ರಾ?’ ಡಿಕ್ಲರೇಷನ್ ಅಂದರೆ ಉಳುತ್ತಿದ್ದ ಗೇಣಿದಾರ ಆ ಜಮೀನಿನ ಹಕ್ಕು ಕೇಳಿ ಹಾಕುತ್ತಿದ್ದ ಏಳನೇ ನಮೂನೆಯ ಅರ್ಜಿ. ಅಜ್ಜ ಅದನ್ನು ಹಾಕಿದ್ದು ಮೊಮ್ಮಗನಿಗೆ ಗೊತ್ತಿರುತ್ತದೆ. ಅದಕ್ಕೂ ಮುಂಚೆ ಭತ್ತ ಅಳೆಯುವ ಪಾತ್ರೆಯದು, ಒಂದು ಕೊಳಗದ ಜಗಳ ನಡೆದಿತ್ತು ಅಂದರೆ ಮುಖ ನೋಡುತ್ತಾನೆ.

ಉಳುವವರು ಜಮೀನಿನ ಒಡೆಯರಿಗೆ ಗೇಣಿಯನ್ನು ಭತ್ತದಲ್ಲೇ ಅಳೆದು ಕೊಡುತ್ತಿದ್ದ ಕಾಲ. ಇಷ್ಟು ಕೊಳಗ ಎಂದು ಬಾಯಿಮಾತಿನ ಕರಾರು. ಅಳೆಯುವ ಕೊಳಗ ಮಾತ್ರ ಒಡೆಯರ ಮನೆಯದು, ವಾಡಿಕೆಯ ಅಳತೆಗಿಂತ ದೊಡ್ಡದು. ಕರಾರಿನ ಒಂದಕ್ಷರವನ್ನೂ ಮುರಿಯದೆ ಗೇಣಿ ಏರಿಸುವ ಉಪಾಯ! ಇಷ್ಟು ಜಾಣತನದ ಮೋಸವನ್ನು ಕರಾರುಪತ್ರಗಳಲ್ಲೂ ನಾನು ಅಪರೂಪಕ್ಕೆ ಕಂಡಿದ್ದೇನೆ. ಕೊಟ್ಟ ಗೇಣಿಗೆ ಚೀಟಿ ಸಿಗುತ್ತಿದ್ದುದೂ ಅಷ್ಟಕ್ಕಷ್ಟೇ.

ಎಚ್. ಗಣಪತಿಯಪ್ಪನವರ ಮುಂದಾಳತ್ವದ ರೈತ ಸಂಘ ಈ ಅಳತೆಯನ್ನೇ ಪ್ರಶ್ನಿಸಿತು. ಸಾಗರ ತಾಲ್ಲೂಕಿನ ಕಾಗೋಡು ಹಳ್ಳಿಯ ಗೇಣಿದಾರರು ಹೆಚ್ಚಿನವರು ದೀವರ ಸಮುದಾಯದವರು. ಮಾತುಕತೆ ಮುರಿದುಬಿತ್ತು, ಉಳುವ ಗದ್ದೆಯೇ ಕೈತಪ್ಪುವ ಹಂತಕ್ಕೆ ಬಂತು. 1951ರ ಏಪ್ರಿಲ್ 18ರಂದು ಅವರು ನೇಗಿಲು ಹೊತ್ತು ಗದ್ದೆಗಿಳಿದರು. ಪೊಲೀಸರು ಹಿಡಿದರು, ಮತ್ತೊಂದು ತಂಡ ಇಳಿಯಿತು. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು. ಜೂನ್‌ನಲ್ಲಿ ಆ ಪಕ್ಷದ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರ ಬಂಧನವೂ ಆಯಿತು. ಮರುವರ್ಷದ ಚುನಾವಣೆಯಲ್ಲಿ ಅದೇ ಪಕ್ಷದ ಶಾಂತವೇರಿ ಗೋಪಾಲಗೌಡರು ಶಾಸಕರಾದರು. ಭೂಮಿ ಮಾತ್ರ ಆಗಲೇ ಕೈಗೆ ಬರಲಿಲ್ಲ.

ಅದು ಬಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. 1961ರ ಭೂ ಸುಧಾರಣಾ ಕಾಯ್ದೆ ಇದ್ದೇ ಇತ್ತು, ಅದಕ್ಕೆ ಹಲ್ಲು ಬಂದದ್ದು 1974ರಲ್ಲಿ. ಆ ವರ್ಷ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುತ್ತಿದ್ದವರು ಅಧಿಭೋಗದ ಹಕ್ಕಿಗೆ, ಅಂದರೆ ಆ ಜಮೀನು ತಮ್ಮ ಹೆಸರಿಗಾಗಲು, ಭೂ ನ್ಯಾಯಮಂಡಳಿಯ ಮುಂದೆ ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ಗಡುವು ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ತಮಾಷೆಯೆಂದರೆ, ಮಂಡಳಿಯೊಳಗೆ ವಕೀಲರಿಗೆ ಪ್ರವೇಶವಿರಲಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ಬಂಧ ಸಲ್ಲದು ಎಂದಿತು. ನಮ್ಮವರು ಹಿಗ್ಗಿದರು, ನನಗೇನೋ ನಿರ್ಬಂಧ ಹಾಕಿದವರ ಅಂಜಿಕೆಯೂ ಅರ್ಥವಾಗುತ್ತದೆ. ದೊಡ್ಡ ವಕೀಲರನ್ನು ಇಡುವ ತಾಕತ್ತು ಒಡೆಯರಿಗಿತ್ತು, ಗೇಣಿದಾರನಿಗಿರಲಿಲ್ಲ.

ತೊಡಕಿದ್ದದ್ದು ಸಾಕ್ಷ್ಯದಲ್ಲಿ. ಚೀಟಿ ಇಲ್ಲ, ಪಹಣಿಯ ಸಾಗುವಳಿ ಕಾಲಂನಲ್ಲಿ ಒಡೆಯರದೇ ಹೆಸರು. ಆಗ ಪಕ್ಕದ ಗದ್ದೆಯವರ ಹೇಳಿಕೆಯೇ ಆಧಾರ. ಆ ಪಕ್ಕದವರೂ ಅದೇ ಒಡೆಯರ ಗೇಣಿದಾರರಾಗಿದ್ದರೆ ಬಾಯಿ ಬಿಡಲು ಎಷ್ಟು ಧೈರ್ಯ ಬೇಕು, ಲೆಕ್ಕ ಹಾಕಿ. ಗೇಣಿಯೂ ಇಲ್ಲದೆ ಬರೀ ಕೂಲಿಗೆ ದುಡಿದವರಿಗೆ ಏಳನೇ ನಮೂನೆಯಿಂದ ಗದ್ದೆ ಸಿಗುವ ದಾರಿಯೇ ಇರಲಿಲ್ಲ.

ಹಾಗಾಗಿ ಮನೆಯ ಹಳೇ ಟ್ರಂಕು ಹುಡುಕುವಾಗ ಅಜ್ಜನ ಅರ್ಜಿ ಸಿಕ್ಕಿತೆಂದು ನಿಲ್ಲಿಸಬೇಡಿ. ಅರ್ಜಿ ಹಾಕಿದ್ದಕ್ಕೆ ಹಕ್ಕು ಬರುವುದಿಲ್ಲ. ಮಂಡಳಿಯ ಆದೇಶ, ಅದರ ಮೇಲೆ ಕೊಟ್ಟ ಹತ್ತನೇ ನಮೂನೆಯ ಪ್ರಮಾಣಪತ್ರ, ಇವೆರಡೂ ಬೇಕು. ಸಿಗದಿದ್ದರೆ ದೃಢೀಕೃತ ನಕಲಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಿ, ಸರ್ವೆ ನಂಬರನ್ನು ಮರೆಯದೆ ಬರೆಯಿರಿ.