ಕಂಪನಿ ಕೈ ಬದಲಾದಾಗ ಬಾನೆಟ್ ಎತ್ತಿ ನೋಡಿ

ಯಾವುದಾದರೂ ಆಫ್‌ರೋಡ್ ಗಾಡಿಯ ಕಂಪನಿ ಮಾರಾಟವಾದ ಸುದ್ದಿ ಬಂದರೆ ಸಾಕು, ವರ್ಕ್‌ಶಾಪಿನ ಫೋನಿಗೆ ಬಿಡುವಿರುವುದಿಲ್ಲ. ‘ಸರ್, ಕಂಪನಿ ಮಾರಿಬಿಟ್ಟರಂತೆ. ಗಾಡಿ ಇಟ್ಟುಕೊಳ್ಳೋದಾ, ಕೊಟ್ಟುಬಿಡೋದಾ?’ ಮಾಮೂಲಿ ಕಾರಿನವರು ಹೀಗೆ ಕೇಳುವುದು ಕಡಿಮೆ. ಕಲ್ಲು, ಕೆಸರು, ಹೊಳೆ ದಾಟುವ ಗಾಡಿ ಇಟ್ಟುಕೊಂಡವರು ನಿಜಕ್ಕೂ ಕಂಗಾಲಾಗುತ್ತಾರೆ. ಅವರ ಗಾಬರಿ ನನಗೆ ಅರ್ಥವಾಗುತ್ತದೆ. ಈ ಗಾಡಿಗಳನ್ನು ಜನ ಇಪ್ಪತ್ತು, ಮೂವತ್ತು ವರ್ಷ ಓಡಿಸುತ್ತಾರೆ. ಅಷ್ಟು ಕಾಲ ಬಿಡಿಭಾಗ ಎಲ್ಲಿಂದ ಬರಬೇಕು ಅನ್ನೋದು ಸಣ್ಣ ಪ್ರಶ್ನೆಯಲ್ಲ, ಅಲ್ವಾ?

ನಾನು ಹೇಳುವುದು ಒಂದೇ. ಸದ್ಯಕ್ಕೆ ಏನೂ ಮಾಡಬೇಡಿ. ಹೊಸ ಮಾಲೀಕರು ಬಂದ ಮೇಲೆ ಮೊದಲ ಮೂರ್ನಾಲ್ಕು ವರ್ಷ ಷೋರೂಮಿಗೆ ಬರುವುದೆಲ್ಲ ಹಳೇ ಮಾಲೀಕರ ಕಾಲದಲ್ಲಿ ರೂಪುಗೊಂಡ ಗಾಡಿಗಳೇ. ಹೊಸ ಮಾಡೆಲ್ ಕಾಗದದಿಂದ ರಸ್ತೆಗೆ ಇಳಿಯಲು ಅಷ್ಟು ಸಮಯ ಬೇಕೇ ಬೇಕು. ಹಾಗಾಗಿ ಹೊಸಬರಿಗೆ ಸಿಗುವ ಹೊಗಳಿಕೆಯೂ ಬೈಗುಳವೂ ಎಷ್ಟೋ ಸಲ ಹಳಬರಿಗೆ ಸೇರಬೇಕಾದದ್ದು. ಮಾಲೀಕರು ಬದಲಾದದ್ದು ನಿಜವಾಗಿ ಗೊತ್ತಾಗುವುದು ಬ್ಯಾಡ್ಜಿನಲ್ಲಿ ಅಲ್ಲ, ಬಾನೆಟ್ ಕೆಳಗೆ. ಅದೂ ನಿಧಾನವಾಗಿ.

ಇದನ್ನು ತೋರಿಸಲು ಲ್ಯಾಂಡ್ ರೋವರ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. 1948ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮೋಟಾರ್ ಷೋನಲ್ಲಿ ಬ್ರಿಟನ್ನಿನ ರೋವರ್ ಕಂಪನಿ ತೋರಿಸಿದ ಗಾಡಿ ಅದು. 1967ರಲ್ಲಿ ಲೇಲ್ಯಾಂಡ್ ಕೈಗೆ ಹೋಯಿತು, ಮರುವರ್ಷ ಅದೇ ಬ್ರಿಟಿಷ್ ಲೇಲ್ಯಾಂಡ್ ಆಯಿತು. 1975ರಲ್ಲಿ ಸರ್ಕಾರದ ಪಾಲಾಯಿತು. 1988ರಲ್ಲಿ ಬ್ರಿಟಿಷ್ ಏರೋಸ್ಪೇಸ್, 1994ರಲ್ಲಿ ಬಿಎಂಡಬ್ಲ್ಯು, 2000ದಲ್ಲಿ ಫೋರ್ಡ್, 2008ರಲ್ಲಿ ಟಾಟಾ ಮೋಟಾರ್ಸ್. ಇಷ್ಟು ಕೈ ದಾಟಿಯೂ ಉಳಿದುಕೊಂಡ ಬ್ರ್ಯಾಂಡ್‌ಗಳು ಬಹಳ ಇಲ್ಲ.

ಈಗ ಒಂದೇ ಗಾಡಿಯನ್ನು ಹತ್ತಿರದಿಂದ ನೋಡೋಣ. ಲ್ಯಾಂಡ್ ರೋವರ್‌ನ ದುಬಾರಿ ಮಾಡೆಲ್ ರೇಂಜ್ ರೋವರ್. ಅದರ ಮೂರನೇ ತಲೆಮಾರನ್ನು ತಯಾರು ಮಾಡಿಸಿದ್ದು ಬಿಎಂಡಬ್ಲ್ಯು. ಆದರೆ ಅದು ಮಾರುಕಟ್ಟೆಗೆ ಬರುವ ಹೊತ್ತಿಗೆ ಕಂಪನಿ ಫೋರ್ಡ್ ಕೈಲಿತ್ತು. ಎಂಜಿನ್ ಮಾತ್ರ ಬಿಎಂಡಬ್ಲ್ಯುದೇ, 4.4 ಲೀಟರಿನ ವಿ8, ಅಂದರೆ ‘ವಿ’ ಆಕಾರದ ಎರಡು ಸಾಲಿನಲ್ಲಿ ಎಂಟು ಸಿಲಿಂಡರ್. ಪ್ರತಿಸ್ಪರ್ಧಿಯ ಹತ್ತಿರ ಎಂಜಿನ್ ಕೊಂಡು ತನ್ನ ದುಬಾರಿ ಗಾಡಿಗೆ ಹಾಕುವ ಪರಿಸ್ಥಿತಿ ಫೋರ್ಡ್‌ನದ್ದು. 2006ರ ಮಾಡೆಲ್ ಹೊತ್ತಿಗೆ ಫೋರ್ಡ್ ಆ ಜಾಗಕ್ಕೆ ತನ್ನದೇ ಬಳಗದ ಜಾಗ್ವಾರ್ ವಿ8 ತಂದಿತು. ಗೇರ್‌ಬಾಕ್ಸ್ ಕೂಡ ಐದು ಗೇರಿನದ್ದು ಹೋಗಿ ಆರು ಗೇರಿನದ್ದು ಬಂತು.

2004ರದ್ದನ್ನೂ 2007ರದ್ದನ್ನೂ ಅಕ್ಕಪಕ್ಕ ನಿಲ್ಲಿಸಿದರೆ ದೀಪ, ಗ್ರಿಲ್‌ನಂಥ ಸಣ್ಣಪುಟ್ಟ ವ್ಯತ್ಯಾಸ ಬಿಟ್ಟು ಹೊರಗಿಂದ ಒಂದೇ ಗಾಡಿ. ಬಾನೆಟ್ ಎತ್ತಿದರೆ ಎರಡು ಬೇರೆ ಊರು. ಮೊದಲನೆಯದರಲ್ಲಿ ಎಷ್ಟೋ ಭಾಗಗಳ ಮೇಲೆ ಬಿಎಂಡಬ್ಲ್ಯು ಗುರುತೇ ಅಚ್ಚಾಗಿರುತ್ತದೆ. ಅದರ ಕಾಯಿಲೆಗಳೂ ಬಿಎಂಡಬ್ಲ್ಯು ಕಾಯಿಲೆಗಳೇ. ಟೈಮಿಂಗ್ ಚೈನ್ ಹಾದುಹೋಗುವ ಪ್ಲಾಸ್ಟಿಕ್ ಗೈಡ್‌ಗಳು ವಯಸ್ಸಾದಂತೆ ಪುಡಿಯಾಗುತ್ತವೆ. ಎರಡು ಸಾಲು ಸಿಲಿಂಡರ್‌ಗಳ ನಡುವಿನ ತಗ್ಗಿನಲ್ಲಿ ಒಂದು ಮುಚ್ಚಳವಿದೆ. ಅದರ ಗ್ಯಾಸ್ಕೆಟ್ ಬಿರುಸಾದರೆ ಎಂಜಿನ್ ತಣ್ಣಗಿಡುವ ಕೂಲಂಟ್ ಹಿಂಭಾಗಕ್ಕೆ ಹರಿದು, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಬೆಲ್ ಹೌಸಿಂಗ್ ಕಡೆ ಇಳಿಯುತ್ತದೆ. ಕೆಳಗಿಂದ ನೋಡಿದವರಿಗೆ ಗೇರ್‌ಬಾಕ್ಸ್ ಸೋರುತ್ತಿದೆ ಅನ್ನಿಸುತ್ತದೆ. ಗೊತ್ತಿಲ್ಲದವರು ಗೇರ್‌ಬಾಕ್ಸ್ ಇಳಿಸಲು ಹೊರಡುತ್ತಾರೆ. ಮೇಲಿನ ಇನ್‌ಲೆಟ್ ಮ್ಯಾನಿಫೋಲ್ಡ್, ವಾಟರ್ ಪಂಪ್ ಬಿಚ್ಚಿದರೆ ಮಾತ್ರ ಆ ಮುಚ್ಚಳ ಕೈಗೆ ಸಿಗುವುದು.

ಹಾಗಾದರೆ ಬಿಎಂಡಬ್ಲ್ಯು ಎಂಜಿನ್ ಇರುವ ಗಾಡಿ ಬೇಡ ಅಂತೀರಾ? ಇಲ್ಲ, ನಾನು ಹೇಳುವುದು ತದ್ವಿರುದ್ಧ. ಅದೇ ಎಂಜಿನ್ ಬಿಎಂಡಬ್ಲ್ಯುವಿನ 5 ಸೀರೀಸ್, 7 ಸೀರೀಸ್, ಎಕ್ಸ್5ಗಳಲ್ಲೂ ಇತ್ತು. ಅದಕ್ಕೇ ಇವತ್ತಿಗೂ ಆ ಗೈಡು, ಗ್ಯಾಸ್ಕೆಟ್ಟು ಸಿಗುತ್ತವೆ. ಅದರ ರೋಗ ಬಲ್ಲ ಮೆಕ್ಯಾನಿಕ್‌ಗಳೂ ಎಲ್ಲ ಕಡೆ ಇದ್ದಾರೆ. ಅಭಿಮಾನಿಗಳು ‘ಪರರ ಎಂಜಿನ್’ ಅಂತ ಕೊರಗುತ್ತಾರೆ. ಗಾಡಿಯ ಆಯಸ್ಸು ಉಳಿಸಿದ್ದು ಆ ಪರರ ಎಂಜಿನ್ನೇ.

ಲ್ಯಾಂಡ್ ರೋವರ್‌ನದ್ದೇ ಚಿಕ್ಕ ಗಾಡಿ ಫ್ರೀಲ್ಯಾಂಡರ್‌ನ ಕಥೆ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. 1997ರಲ್ಲಿ ಬಂದ ಮೊದಲ ಫ್ರೀಲ್ಯಾಂಡರ್‌ಗೆ ರೋವರ್‌ನ ಕೆ ಸೀರೀಸ್ ಪೆಟ್ರೋಲ್ ಎಂಜಿನ್. 2000ದಲ್ಲಿ ಬಿಎಂಡಬ್ಲ್ಯು ರೋವರ್ ಬಳಗವನ್ನು ಒಡೆದು ಹಂಚಿತು. ಮಿನಿ ತಾನೇ ಇಟ್ಟುಕೊಂಡಿತು, ಲ್ಯಾಂಡ್ ರೋವರ್ ಫೋರ್ಡ್‌ಗೆ ಹೋಯಿತು, ಉಳಿದ ರೋವರ್ ಕಾರುಗಳು ಎಂಜಿ ರೋವರ್ ಅನ್ನೋ ಬೇರೆ ಕಂಪನಿಯಾದವು. ಅಂದರೆ ಗಾಡಿ ಒಬ್ಬರದು, ಎಂಜಿನ್ ಇನ್ನೊಬ್ಬರದು. 2005ರಲ್ಲಿ ಎಂಜಿ ರೋವರ್ ಮುಳುಗಿತು. ಆಗ ಎಲ್ಲರೂ ಎಂಜಿನ್ ಕಥೆ ಮುಗಿಯಿತು ಅಂದುಕೊಂಡರು. ಹಾಗಾಗಲಿಲ್ಲ. ಕೆ ಸೀರೀಸ್ ರೋವರ್, ಎಂಜಿ, ಲೋಟಸ್ ಎಲೀಸ್‌ನಲ್ಲೂ ಇದ್ದದ್ದರಿಂದ ಹೊರಗಿನ ತಯಾರಕರು ಅದರ ಹೆಡ್ ಗ್ಯಾಸ್ಕೆಟ್ ಮಾಡುತ್ತಲೇ ಬಂದರು. ಅದೂ ಮೂಲಕ್ಕಿಂತ ಗಟ್ಟಿಯಾದದ್ದು. ಹೆದರಬೇಕಾದದ್ದು ಆ ಗಾಡಿಗೆ ಮಾತ್ರ ಅಂತ ಮಾಡಿದ ಭಾಗಗಳಿಗೆ. ಮುಂದಿನ ಚಕ್ರ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ನಡುವಿನ ವಿಸ್ಕಸ್ ಕಪ್ಲಿಂಗ್ (ದಪ್ಪ ದ್ರವ ತುಂಬಿದ ಜೋಡಣೆ), ಇಂಥವು. ವಿಸ್ಕಸ್ ಕಪ್ಲಿಂಗ್ ಬಿಗಿದುಕೊಂಡರೆ ಪಕ್ಕದ ಗೇರುಗಳನ್ನೂ ತಿಂದುಹಾಕುತ್ತದೆ.

ಲ್ಯಾಂಡ್ ರೋವರ್‌ನ ಡಿಫೆಂಡರ್ ಗಾಡಿಯ ಪ್ರಿಯರಿಗೆ 2007ರ ಗಾಯ ಇನ್ನೂ ಮಾಸಿಲ್ಲ. ಲ್ಯಾಂಡ್ ರೋವರ್‌ನದ್ದೇ ಐದು ಸಿಲಿಂಡರಿನ ಟಿಡಿ5 ಡೀಸೆಲ್ ತೆಗೆದು, ಫೋರ್ಡ್ ಟ್ರಾನ್ಸಿಟ್ ವ್ಯಾನಿನ 2.4 ಲೀಟರ್ ಎಂಜಿನ್ ಹಾಕಿದರು. ಅದು ಹಳೆಯದಕ್ಕಿಂತ ಎತ್ತರ. ಹಾಗಾಗಿ ದಶಕಗಳಿಂದ ಚಪ್ಪಟೆಯಾಗಿದ್ದ ಬಾನೆಟ್‌ನ ನಡುವೆ ಒಂದು ಉಬ್ಬು ಬಂತು. ಹೊರಗಿಂದಲೇ ಕಾಣುವ ಮಾಲೀಕರ ಸಹಿ ಅಂದರೆ ಅದೊಂದೇ. ವ್ಯಾನಿನ ಎಂಜಿನ್ ಅಂತ ಬೇಸರಪಟ್ಟವರು ಬಹಳ. ಆದರೆ ಜತೆಗೆ ಆರು ಗೇರ್ ಬಂತು, ಹೆದ್ದಾರಿಯಲ್ಲಿ ಸದ್ದು ಕಡಿಮೆಯಾಯಿತು. 2008ರಲ್ಲಿ ಟಾಟಾ ಕೊಂಡ ಮೇಲೂ ಡಿಫೆಂಡರ್‌ಗೆ ಫೋರ್ಡ್ ಎಂಜಿನ್ನೇ ಬರುತ್ತಿತ್ತು. 2012ರಲ್ಲಿ ಅದು 2.2 ಲೀಟರ್ ಆಯಿತು ಅಷ್ಟೆ.

ಇಷ್ಟು ವರ್ಷ ಈ ಗಾಡಿಗಳ ಹೊಟ್ಟೆ ಬಗೆದು ನೋಡಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಎಂಜಿನ್ ಹಂಚಿಕೊಳ್ಳುವ ಮಾಲೀಕರಿಂದ ಬ್ರ್ಯಾಂಡ್ ಸಾಯುವುದಿಲ್ಲ. ಕಾಸು ಬಿಚ್ಚದ ಮಾಲೀಕರಿಂದ ಸಾಯುತ್ತದೆ. 1970ರಲ್ಲಿ ಬಂದ ಮೊದಲ ರೇಂಜ್ ರೋವರ್‌ಗೆ ಎರಡೇ ಬಾಗಿಲು. ಹಿಂದೆ ಕೂರುವವರು ಮುಂದಿನ ಸೀಟು ಮಡಚಿ ಒಳಗೆ ತೂರಬೇಕು. ಇನ್ನೆರಡು ಬಾಗಿಲು ಕೊಡಿ ಅಂತ ಎಲ್ಲರೂ ಕೇಳುತ್ತಿದ್ದರು. ಕಂಪನಿ ನಾಲ್ಕು ಬಾಗಿಲು ಕೊಟ್ಟದ್ದು 1981ರಲ್ಲಿ. ಬ್ರಿಟಿಷ್ ಲೇಲ್ಯಾಂಡ್ ಒಳಗೆ ನಷ್ಟದ ಕಾರುಗಳು ಹಣ ನುಂಗುತ್ತಿದ್ದವು, ಲಾಭ ತರುವ ಗಾಡಿ ಕಾಯುತ್ತಾ ನಿಂತಿತ್ತು. ಅದೇ ಕಾಲದಲ್ಲಿ ಆಸ್ಟ್ರೇಲಿಯಾ, ಆಫ್ರಿಕಾದ ಮಾರುಕಟ್ಟೆಗಳು ಟೊಯೊಟಾ ಲ್ಯಾಂಡ್ ಕ್ರೂಸರ್ ಕಡೆ ವಾಲಿದವು. ಆಗ ಮಾಲೀಕರು ಪರದೇಶದವರಲ್ಲ, ಸ್ವಂತ ದೇಶದವರೇ. 1986ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕೊಳ್ಳಲು ಬಂದಾಗ ಬ್ರಿಟನ್ನಿನಲ್ಲಿ ಭಾರಿ ವಿರೋಧ ಎದ್ದು ಮಾತುಕತೆ ಮುರಿದುಬಿತ್ತು. ದೇಶಾಭಿಮಾನ ಒಳ್ಳೆಯದೇ. ಆದರೆ ಹೊಸ ಮಾಡೆಲ್‌ಗೆ ಬೇಕಾದ ಹಣ ಅದರಿಂದ ಹುಟ್ಟುವುದಿಲ್ಲ.

ಜೀಪ್‌ನಲ್ಲೂ ಇದೇ ನೋಡಬಹುದು. ವಿಲ್ಲೀಸ್, ಕೈಸರ್, ಎಎಂಸಿ, ಕ್ರೈಸ್ಲರ್, ಡೈಮ್ಲರ್, ಸರ್ಬೆರಸ್, ಫಿಯಟ್, ಈಗ ಸ್ಟೆಲಾಂಟಿಸ್. 1987ರ ಮಾಡೆಲ್ ರ‍್ಯಾಂಗ್ಲರ್‌ಗೆ ಚೌಕ ಹೆಡ್‌ಲೈಟ್ ಬಂದಾಗ ಜನ ಸಿಟ್ಟಾದರು. ಅದನ್ನು ರೂಪಿಸಿದ್ದು ಎಎಂಸಿ, ಬೈಸಿಕೊಂಡದ್ದು ಅದೇ ವರ್ಷ ಎಎಂಸಿಯನ್ನು ಕೊಂಡ ಕ್ರೈಸ್ಲರ್. ದುಂಡನೆಯ ದೀಪ ಮರಳಿದ್ದು 1997ರ ಮಾಡೆಲ್‌ನಲ್ಲಿ. ಕೈ ಬದಲಾಗಿ ಉಳಿದುಕೊಳ್ಳುವ ಭಾಗ್ಯ ಹಮ್ಮರ್‌ಗೆ ಇರಲಿಲ್ಲ. ಜನರಲ್ ಮೋಟಾರ್ಸ್ ದಿವಾಳಿಯಾದಾಗ ಚೀನಾದ ಕಂಪನಿಯೊಂದಕ್ಕೆ ಮಾರಲು ನೋಡಿತು. 2010ರಲ್ಲಿ ಆ ವ್ಯವಹಾರ ಮುರಿದು ಬ್ರ್ಯಾಂಡ್ ಬಾಗಿಲು ಹಾಕಿತು.

ಟಾಟಾ ಲ್ಯಾಂಡ್ ರೋವರನ್ನು ಜಾಗ್ವಾರ್ ಜತೆ ಸೇರಿಸಿ 230 ಕೋಟಿ ಡಾಲರಿಗೆ ಕೊಂಡಾಗ ಜಗತ್ತೇ ಆರ್ಥಿಕ ಹಿಂಜರಿತದ ಬಾಯಲ್ಲಿತ್ತು. ಮೊದಲ ದೊಡ್ಡ ಗೆಲುವು 2011ರ ರೇಂಜ್ ರೋವರ್ ಇವೋಕ್. ಅದರ ಮಾದರಿ 2008ರ ಜನವರಿಯಲ್ಲಿ, ಫೋರ್ಡ್ ಕಾಲದಲ್ಲೇ ಪ್ರದರ್ಶನವಾಗಿತ್ತು. ಆದರೆ ಆ ಯೋಜನೆಯನ್ನು ನಿಲ್ಲಿಸದೆ ಹಣ ಹಾಕಿದ್ದು ಟಾಟಾ. ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಸ್ವಂತ ಎಂಜಿನ್ ಕಾರ್ಖಾನೆ ಕಟ್ಟಿದ್ದು ಇನ್ನೂ ದೊಡ್ಡ ಹೆಜ್ಜೆ.

ನೋವಿನ ವಿಷಯವೂ ಇದೆ. 2016ರ ಜನವರಿ 29ರಂದು ಬ್ರಿಟನ್ನಿನ ಸೋಲಿಹಲ್ ಕಾರ್ಖಾನೆಯಿಂದ ಕೊನೆಯ ಹಳೇ ಡಿಫೆಂಡರ್ ಹೊರಬಂತು. ಅದಕ್ಕೆ ಮಾಲೀಕರನ್ನು ದೂರುವುದು ನ್ಯಾಯವಲ್ಲ. ಹೊಗೆ ನಿಯಮ, ಸುರಕ್ಷತೆಯ ನಿಯಮಗಳಿಗೆ ಆ ಮೈಕಟ್ಟು ಒಗ್ಗುವಂತಿರಲಿಲ್ಲ. 2019ರ ಹೊಸ ಡಿಫೆಂಡರ್ 900 ಮಿಲಿಮೀಟರ್ ನೀರಿಗೆ ಇಳಿಯುತ್ತದೆ, ಹಳೆಯದು 500. ಕೆಲಸದಲ್ಲಿ ಹೊಸದೇ ಜಾಸ್ತಿ ಸಮರ್ಥ. ಆದರೆ ಸ್ಪ್ಯಾನರ್ ಹಿಡಿದು ದಾರಿ ಪಕ್ಕ ಕೂತು ರಿಪೇರಿ ಮಾಡಿಕೊಳ್ಳುವ ಸ್ವಾತಂತ್ರ್ಯ ಹೋಯಿತು. ಲ್ಯಾಪ್‌ಟಾಪ್ ಇಲ್ಲದೆ ಅದರ ಏರ್ ಸಸ್ಪೆನ್ಶನ್‌ಗೆ ಏನಾಗಿದೆ ಅಂತ ಸರಿಯಾಗಿ ತಿಳಿಯುವುದಿಲ್ಲ. ಇದು ನನ್ನನ್ನು ಕಾಡುತ್ತದೆ.

ಅದಕ್ಕೇ ಫೋನ್ ಮಾಡಿದವರಿಗೆ ನಾನು ತಿರುಗಿ ಪ್ರಶ್ನೆ ಹಾಕುತ್ತೇನೆ. ನಿಮ್ಮ ಗಾಡಿಯ ಎಂಜಿನ್ ಮಾಡುವವರು ಯಾರು, ಅದು ಬೇರೆ ಯಾವ ಕಾರುಗಳಲ್ಲಿದೆ? ಗೇರ್‌ಬಾಕ್ಸ್ ಕಂಪನಿಯದೋ, ಝಡ್‌ಎಫ್‌ನಂಥ ಹೊರಗಿನವರದೋ? ಡೀಲರ್ ಬಿಟ್ಟು ಬೇರೆಯವರ ಸ್ಕ್ಯಾನರ್ ನಿಮ್ಮ ಗಾಡಿಯನ್ನು ಪೂರ್ತಿ ಓದುತ್ತದೆಯೋ? 2022ರ ರೇಂಜ್ ರೋವರ್ ವಿ8ನಲ್ಲಿ ಮತ್ತೆ ಬಿಎಂಡಬ್ಲ್ಯು ಎಂಜಿನ್ ಬಂದಿದೆ, ಈ ಸಲ ಮಾಲೀಕರಾಗಿ ಅಲ್ಲ, ಸರಬರಾಜುದಾರರಾಗಿ. ಅದೇ ಬಗೆಯ ಎಂಜಿನ್ ಬಿಎಂಡಬ್ಲ್ಯುವಿನ ಸ್ವಂತ ಕಾರುಗಳಲ್ಲೂ ಇರುವುದರಿಂದ ಅದರ ಬಗ್ಗೆ ನನಗೆ ಚಿಂತೆಯಿಲ್ಲ. ಆ ಗಾಡಿಗೆ ಮಾತ್ರ ಮಾಡಿದ ಕಂಟ್ರೋಲ್ ಮಾಡ್ಯೂಲ್‌ಗಳ, ಏರ್ ಸಸ್ಪೆನ್ಶನ್ ಭಾಗಗಳ ನಂಬರ್ ಬರೆದಿಟ್ಟುಕೊಳ್ಳಿ, ಬೆಲೆ ವಿಚಾರಿಸಿ. ಇಟ್ಟುಕೊಳ್ಳಬೇಕೋ ಮಾರಬೇಕೋ ಅನ್ನೋದನ್ನು ಅದನ್ನು ನೋಡಿ ತೀರ್ಮಾನ ಮಾಡಿ.