ಮುಕ್ತ ಆಂಡ್ರಾಯ್ಡಿನ ಬೀಗದ ಕೈ

ಹೊಸ ಮೊಬೈಲ್ ಒಎಸ್ (ಫೋನನ್ನು ನಡೆಸುವ ಮೂಲ ತಂತ್ರಾಂಶ) ಒಂದರ ಸುದ್ದಿ ಬಂದಾಗಲೆಲ್ಲ ‘ಆಂಡ್ರಾಯ್ಡ್ ಕಥೆ ಮುಗಿಯಿತೇ?’ ಎಂದು ಕೇಳುವವರಿದ್ದಾರೆ. ಒಎಸ್ ಸಿದ್ಧಪಡಿಸುವುದು ಈಗ ಅಂಥ ದೊಡ್ಡ ಸಾಹಸವೇನಲ್ಲ. ಆ್ಯಪ್ ಬರೆದು ಹೊಟ್ಟೆ ಹೊರೆಯುವ ನಮ್ಮಂಥವರು ನೋಡುವುದು ಅದರ ಮೇಲಿನ ಪದರವನ್ನು.

ಆಂಡ್ರಾಯ್ಡಿನ ತಳಭಾಗ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಅದನ್ನು ಇಳಿಸಿಕೊಂಡು, ತಮ್ಮ ಹೆಸರು ಅಂಟಿಸಿ ಫೋನಿಗೆ ತುಂಬಬಹುದು. ಅದರ ಮೇಲೆ ಕುಳಿತಿರುವ ಗೂಗಲ್ ಪ್ಲೇ ಸರ್ವೀಸಸ್ ಮಾತ್ರ ಗೂಗಲ್‌ನ ಸ್ವಂತ ಸೊತ್ತು. ಪರವಾನಗಿ ಇಲ್ಲದೆ ಸಿಗದು. ಊಟ ತರಿಸುವ ಆ್ಯಪ್ ಒಂದನ್ನು ಬಿಚ್ಚಿ ನೋಡಿ. ‘ನಿಮ್ಮ ಆರ್ಡರ್ ಹೊರಟಿದೆ’ ಎಂಬ ಸೂಚನೆ, ನೀವಿರುವ ಜಾಗದ ಪತ್ತೆ, ಸವಾರನ ಬೈಕು ತೆವಳುವ ನಕ್ಷೆ ಸಾಮಾನ್ಯವಾಗಿ ಈ ಪದರವನ್ನೇ ನೆಚ್ಚಿಕೊಂಡಿರುತ್ತವೆ. ಅದಿಲ್ಲದ ಫೋನಿನಲ್ಲಿ ಆ್ಯಪ್ ತೆರೆದರೂ ನಕ್ಷೆಯ ಜಾಗ ಖಾಲಿ, ಸೂಚನೆಯ ಸುಳಿವಿಲ್ಲ. ಗ್ರಾಹಕರು ಬೈಯುವುದು ಫೋನನ್ನು.

ಚೀನಾದ ಫೋನ್ ಕಂಪನಿ ಹುವಾವೆಗೆ ಆದದ್ದು ಇದೇ. 2019ರ ಮೇ ತಿಂಗಳಲ್ಲಿ ತನ್ನ ಕಂಪನಿಗಳು ಹುವಾವೆ ಜೊತೆ ವ್ಯವಹರಿಸದಂತೆ ಅಮೆರಿಕ ನಿರ್ಬಂಧ ಹೇರಿದ ಮೇಲೆ, ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ಅನಾವರಣಗೊಂಡ ಮೇಟ್ 30 ಫೋನಿನಲ್ಲಿ ಗೂಗಲ್ ಆ್ಯಪ್‌ಗಳಿರಲಿಲ್ಲ. ಗೂಗಲ್ ಸೇವೆಗಳು ಮೊದಲೇ ಇಲ್ಲದ ಚೀನಾದಲ್ಲಿ ಕೊಳ್ಳುವವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಯುರೋಪಿನಲ್ಲಿ ಅದೇ ಫೋನು, ಅದೇ ಕ್ಯಾಮೆರಾ ಯಾರಿಗೂ ಬೇಡವಾದವು.

ಮೈಕ್ರೋಸಾಫ್ಟ್ ಆಂಡ್ರಾಯ್ಡಿನ ಹಂಗೇ ಬೇಡವೆಂದು ವಿಂಡೋಸ್ ಫೋನ್ ಎಂಬ ತನ್ನದೇ ಒಎಸ್ ಕಟ್ಟಿತು. ಅದಕ್ಕಾಗಿ ತಾನೇ ತಯಾರಿಸಿದ ಯೂಟ್ಯೂಬ್ ಆ್ಯಪ್‌ಗೆ 2013ರಲ್ಲಿ ಗೂಗಲ್ ತಡೆ ಹಾಕಿತು. 2014ರಲ್ಲಿ ನೋಕಿಯಾದ ಫೋನ್ ವಿಭಾಗ ಕೊಂಡದ್ದಕ್ಕೆ ಮರುವರ್ಷವೇ 760 ಕೋಟಿ ಡಾಲರ್ ನಷ್ಟ ಬರೆದುಕೊಳ್ಳಬೇಕಾಯಿತು. ಆ ಒಎಸ್ ಇದ್ದ ನೋಕಿಯಾದ ಲೂಮಿಯಾ ಒಳ್ಳೆಯ ಫೋನೇ ಆಗಿತ್ತು, ಪಾಪ.

ಗೂಗಲ್‌ನ ಪರವಾನಗಿಗೆ ಷರತ್ತುಗಳೂ ಇದ್ದವು: ಪ್ಲೇ ಸ್ಟೋರ್ ಬೇಕಿದ್ದರೆ, ಗೂಗಲ್ ಒಪ್ಪದಂತೆ ಮಾರ್ಪಡಿಸಿದ ಆಂಡ್ರಾಯ್ಡ್ ಇರುವ ಯಾವ ಫೋನನ್ನೂ ಮಾರುವಂತಿಲ್ಲ. 2012ರಲ್ಲಿ ಏಸರ್ ಕಂಪನಿ ಚೀನಾದ ಅಲಿಬಾಬಾ ಕಂಪನಿಯ ಒಎಸ್ ಇರುವ ಫೋನನ್ನು ಬಿಡುಗಡೆಯ ಹೊಸ್ತಿಲಲ್ಲೇ ಕೈಬಿಟ್ಟಿತು, ಅದು ಮಾರ್ಪಡಿಸಿದ ಆಂಡ್ರಾಯ್ಡೇ ಎಂದು ಗೂಗಲ್ ಆಕ್ಷೇಪಿಸಿತ್ತು. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇಂಥ ಷರತ್ತುಗಳಿಗಾಗಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿದಾಗ ತಲೆಬರಹವಾದದ್ದು ಆ ಮೊತ್ತ. ಅದಕ್ಕಿಂತ ತೂಕದ್ದು ಮುಂದಿನ ಜನವರಿಯ ಬದಲಾವಣೆ: ಗೂಗಲ್ ಆ್ಯಪ್‌ಗಳನ್ನು ಇಡೀ ಕಟ್ಟಾಗಿ ಹೇರದೆ, ಬಿಡಿಬಿಡಿಯಾಗಿ ಪರವಾನಗಿ ಕೊಡಲು ಕಂಪನಿ ಇಲ್ಲಿ ಒಪ್ಪಿತು.

ಆದರೂ ಇನ್ನೊಂದು ಬೀಗ ಉಳಿದಿದೆ, ಅದನ್ನು ಹಾಕಿದವರು ಆ್ಯಪ್ ಬರೆಯುವ ನಾವೇ. ಹಣ ಪಾವತಿಯ ಎಷ್ಟೋ ಆ್ಯಪ್‌ಗಳು ತೆರೆದೊಡನೆ ‘ಪ್ಲೇ ಇಂಟೆಗ್ರಿಟಿ’ ಎಂಬ ಸೇವೆಯನ್ನು ಕೇಳುತ್ತವೆ: ಇದು ಗೂಗಲ್ ಮಾನ್ಯ ಮಾಡಿದ ಫೋನೇ? ಅಲ್ಲವೆಂದು ಉತ್ತರ ಬಂದರೆ ಅಲ್ಲಿಗೆ ಮುಗಿಯಿತು. ಒಎಸ್ ಎಷ್ಟೇ ಭದ್ರವಾಗಿದ್ದರೂ ಯುಪಿಐ ಓಡದ ಫೋನನ್ನು ತರಕಾರಿ ಅಂಗಡಿಗೆ ಒಯ್ದು ಮಾಡುವುದೇನು?

ಬೇರೆ ದಾರಿ ಇದೆ. ಫೋನಿನ ಭದ್ರತಾ ಯಂತ್ರಾಂಶವೇ ತನ್ನಲ್ಲಿರುವ ಒಎಸ್ ಯಾವುದೆಂದು ಡಿಜಿಟಲ್ ಸಹಿ ಹಾಕಿ ಹೇಳಬಲ್ಲದು. ಬ್ಯಾಂಕು ಆ ಸಹಿಯನ್ನು ನೇರವಾಗಿ ಪರಿಶೀಲಿಸಿ, ತಾನು ನಂಬುವ ಒಎಸ್‌ಗಳ ಪಟ್ಟಿ ಇಟ್ಟುಕೊಳ್ಳಬಹುದು. ಪ್ಲೇ ಸರ್ವೀಸಸ್ ಬೇಕಿಲ್ಲ. ಬ್ಯಾಂಕಿನ ಭದ್ರತಾ ವಿಭಾಗದವರ ಮುಂದೆ ಇದನ್ನಿಟ್ಟರೆ ಬರುವ ಪ್ರಶ್ನೆ, ‘ಅಂಥ ಫೋನು ಬಳಸುವ ಗ್ರಾಹಕರು ಎಷ್ಟು ಜನ ಇದ್ದಾರೆ?’ ಒಳಗೆ ಬಿಟ್ಟರೆ ತಾನೇ ಎಣಿಸುವುದು!